ಬ್ಲ್ಯಾಕ್ ಪರ್ಲ್ ಹಡಗಾ, ಫ್ಲಿಂಟ್ ಹಡಗಾ? ಎರಡೂ ನೋಡಿ ಮುಗಿಸಿದ್ಮೇಲೆ

ಕಡಲ್ಗಳ್ಳರ ಸಿನಿಮಾ ಅಂದ್ರೆ ನಮ್ಮನೇಲಿ ಒಂದೇ, 2003ರ ಮೊದಲ ಪೈರೇಟ್ಸ್ ಆಫ್ ದಿ ಕೆರಿಬಿಯನ್, ಬ್ಲ್ಯಾಕ್ ಪರ್ಲ್ ಅನ್ನೋ ಹಡಗು ಬರೋದು ಅದ್ರಲ್ಲೇ. ಮೊನ್ನೆ ರಜೆಲಿ ಅಕ್ಕನ ಮಗಳ ಜೊತೆ ಕೂತು ಮತ್ತೆ ನೋಡ್ದೆ, ಅವಳು ಮಲಗಿದ್ಮೇಲೆ ಕ್ಯಾಪ್ಟನ್ ಫ್ಲಿಂಟ್ ಅನ್ನೋ ಕಡಲ್ಗಳ್ಳನ ಕಥೆ ಇರೋ ಬ್ಲ್ಯಾಕ್ ಸೇಲ್ಸ್ ಸೀರೀಸ್ ಶುರು ಮಾಡ್ದೆ, 4 ಸೀಸನ್, 38 ಎಪಿಸೋಡ್, ಇದು ದೊಡ್ಡವರಿಗೆ ಮಾತ್ರ, ಮನೆಯವರೆಲ್ಲ ಕೂತು ನೋಡೋ ಹಾಗಿಲ್ಲ.

ಸಿನಿಮಾದಲ್ಲಿ ಕಡಲ್ಗಳ್ಳ ಜ್ಯಾಕ್ ಸ್ಪ್ಯಾರೋ ಮೊದಲ ಸಲ ಬರೋ ಸೀನ್ ಇದ್ಯಲ್ಲ, ದೋಣಿ ಪೂರ್ತಿ ಮುಳುಗೋ ಹೊತ್ತಿಗೆ ಸರಿಯಾಗಿ ಕಂಬದ ಮೇಲಿಂದ ದಕ್ಕೆಗೆ ಕಾಲಿಡ್ತಾನೆ, ಆಸಾಮಿ ಎಂಥವನು ಅಂತ ಅಲ್ಲೇ ಗೊತ್ತಾಗಿಬಿಡುತ್ತೆ. 1967ರ ಡಿಸ್ನಿಲ್ಯಾಂಡ್ ರೈಡ್ ಒಂದನ್ನ ಇಟ್ಕೊಂಡು ಇಷ್ಟು ಚೆಂದ ಕಥೆ ಕಟ್ಟಿದಾರೆ! ಬೆಳದಿಂಗಳಲ್ಲಿ ಅಸ್ಥಿಪಂಜರ ಆಗೋರನ್ನ ನೋಡಿ ಹುಡುಗಿ ನನ್ನ ಕೈ ಬಿಡ್ಲೇ ಇಲ್ಲ. ಆದ್ರೆ ಲೂಟಿ ಮಾಲನ್ನ ಯಾರಿಗೆ ಮಾರ್ತಾರೆ, ಪಾಲು ಹೆಂಗೆ ಹಂಚ್ತಾರೆ, ಅದೆಲ್ಲ ಆ ಕಥೆಗೆ ಬೇಕಾಗಿಲ್ಲ.

ಬ್ಲ್ಯಾಕ್ ಸೇಲ್ಸ್ ನಿಂತಿರೋದೇ ಅದ್ರ ಮೇಲೆ. ಬಹಾಮಾಸ್ ದ್ವೀಪಗಳ ನಾಸೌ ಬಂದರಲ್ಲಿ ಕದ್ದ ಮಾಲು ಕೊಳ್ಳೋ ವ್ಯಾಪಾರ, ಹಡಗಿನ ಹುಡುಗರು ವೋಟ್ ಹಾಕಿದ್ರೆ ಕ್ಯಾಪ್ಟನ್ ಇಲ್ಲಾಂದ್ರೆ ಇಲ್ಲ, ಫ್ಲಿಂಟ್ ತನ್ನ ಜಾಗ ಉಳಿಸ್ಕೊಳ್ಳೋಕೆ ಮೊದಲ ಎಪಿಸೋಡಲ್ಲೇ ಒಬ್ಬನ್ನ ಕೊಲ್ತಾನೆ. ಹಡಗನ್ನ ದಡಕ್ಕೆ ಎಳೆದು ಓರೆ ಮಲಗಿಸಿ ತಳಕ್ಕೆ ಅಂಟಿರೋ ಚಿಪ್ಪು ಕೆರೆಯೋದನ್ನ ಎಷ್ಟು ಹೊತ್ತು ತೋರಿಸ್ತಾರೆ ಗೊತ್ತಾ, ಹಡಗು ಅಂದ್ರೆ ದಿನಾ ಸಾಕ್ಬೇಕಾದ ಒಂದು ಜೀವ ಅನ್ನೋದು ನಂಗೆ ಅರ್ಥ ಆಗಿದ್ದೇ ಅಲ್ಲಿ. ಫ್ಲಿಂಟ್ ಟ್ರೆಷರ್ ಐಲ್ಯಾಂಡ್ ಕಾದಂಬರಿಯಿಂದ ಬಂದೋನು, ಆದ್ರೆ ಸೀರೀಸಲ್ಲಿ ಬರೋ ಕಡಲ್ಗಳ್ಳರಾದ ಚಾರ್ಲ್ಸ್ ವೇನ್, ಆನ್ ಬಾನಿ ನಿಜವಾಗ್ಲೂ ಇದ್ದೋರು, 1718ರಲ್ಲಿ ನಾಸೌಗೆ ಗವರ್ನರ್ ಆಗಿ ಬಂದ ವುಡ್ಸ್ ರಾಜರ್ಸ್ ಕೂಡ.

ನಂಗೆ ಬೇಜಾರಾಗಿದ್ದು ಮೊದಲ ಸೀಸನ್. ದೊಡ್ಡವರ ಸೀರೀಸ್ ಅಂತ ತೋರಿಸ್ಕೊಳ್ಳೋಕೆ ಬೆತ್ತಲೆ ಸೀನ್ ತುರುಕಿದಾರೆ, ತೆಗೆದ್ರೆ ಕಥೆಗೇನೂ ನಷ್ಟ ಇಲ್ಲ. ಅದೇ 3ನೇ ಸೀಸನಲ್ಲಿ ಬಿರುಗಾಳಿ ದಾಟಿದ ಹಡಗು ಗಾಳಿನೇ ಇಲ್ದೆ ನಡುಸಮುದ್ರದಲ್ಲಿ ನಿಂತುಬಿಡುತ್ತೆ, ಕುಡಿಯೋ ನೀರು ಅಳತೆ ಮೇಲೆ, ಯಾರಿಗೆ ಎಷ್ಟು ಅನ್ನೋದೇ ಜೀವ ಮರಣದ ಪ್ರಶ್ನೆ, ಇದು ನಿಜವಾಗಿ ದೊಡ್ಡವರ ಕಥೆ ಅಂದ್ರೆ.

ಮಕ್ಕಳಿದ್ರೆ ಯೋಚ್ನೆ ಮಾಡ್ದೆ ಸಿನಿಮಾ ಹಾಕಿ, ಮೊದಲನೇದು ಸಾಕು, ಉಳಿದ ನಾಲ್ಕೂ ಅದ್ರ ಹತ್ರ ಬರಲ್ಲ. ಒಬ್ರೇ ನೋಡೋದಾದ್ರೆ ಬ್ಲ್ಯಾಕ್ ಸೇಲ್ಸ್, ಮೊದಲ 8 ಎಪಿಸೋಡಿಗೆ ಸಾಕಾಯ್ತು ಅಂತ ಬಿಟ್ಬಿಡ್ಬೇಡಿ ಪ್ಲೀಸ್.