ಸಂಖ್ಯೆ ಇಲ್ಲದ ಫೈನಲ್ ಫ್ಯಾಂಟಸಿಗಳು: ಯಾವುದನ್ನು ಕೊಳ್ಳಬೇಕು, ಹೇಗೆ ಆಡಬೇಕು

1987ರ ಮೊದಲ ಗೇಮ್‌ನಿಂದ 2023ರ ಹದಿನಾರನೆಯದರವರೆಗೆ ಫೈನಲ್ ಫ್ಯಾಂಟಸಿ ಎಂಬ ಜಪಾನಿ ವಿಡಿಯೋ ಗೇಮ್ ಸರಣಿಯ ಮುಖ್ಯ ಸಾಲು ಎಲ್ಲರಿಗೂ ಗೊತ್ತು. ಅದರ ಮಗ್ಗುಲಲ್ಲೇ ಹೆಸರಿನ ಮುಂದೆ ಸಂಖ್ಯೆ ಇಲ್ಲದ ಇನ್ನೊಂದು ಸಾಲು ಬೆಳೆದಿದೆ. ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಇವನ್ನು ಕೊಂಡವರು ಎರಡು ಗಂಟೆ ಆಡಿ ಪಕ್ಕಕ್ಕಿಡುವುದು ಸಾಮಾನ್ಯ. ಚೊಕೊಬೊ ಹಕ್ಕಿ, ಬಿದ್ದವರನ್ನು ಎಬ್ಬಿಸುವ ಫೀನಿಕ್ಸ್ ಡೌನ್, ಕಪ್ಪು ಟೋಪಿಯ ಮಾಂತ್ರಿಕ, ಇವೆಲ್ಲ ಇಲ್ಲೂ ಇವೆ. ಆದರೆ ಆಟ ಬೇರೆ. ಒಂದು ಚದುರಂಗದ ಜಾತಿ, ಒಂದು ಕತ್ತಿವರಸೆ, ಒಂದು ತಾಳ ಹಾಕುವುದು. ಹಾಗಾಗಿ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದದ್ದು ಒಂದೇ: ಮೂವತ್ತು ಗಂಟೆ ನಿಮ್ಮ ಕೈ ಏನು ಮಾಡುತ್ತಿರುತ್ತದೆ? ಅದು ಹಿಡಿಸಿದರೆ ಮಾತ್ರ ಕಥೆ, ಸಂಗೀತ ಎಲ್ಲ ಹಿಡಿಸುತ್ತವೆ.

ಇವುಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ಚದುರಂಗದ ಜಾತಿಯ ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಕೊಳ್ಳಿ. ಯಾಸುಮಿ ಮತ್ಸುನೋ ನಿರ್ದೇಶನದಲ್ಲಿ 1997ರಲ್ಲಿ ಮೊದಲ ಪ್ಲೇಸ್ಟೇಷನ್‌ಗೆ ಬಂದ ಇದು 2007ರಲ್ಲಿ ವಾರ್ ಆಫ್ ದಿ ಲಯನ್ಸ್ ಎಂಬ ಹೆಸರಲ್ಲಿ ಪಿಎಸ್‌ಪಿ ಎಂಬ ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಹೋಯಿತು. ಈಗ ಅಂಗಡಿಯಲ್ಲಿರುವ ದಿ ಇವಾಲೀಸ್ ಕ್ರಾನಿಕಲ್ಸ್ 2025ರ ಸೆಪ್ಟೆಂಬರ್ 30ರದು. ಪ್ಲೇಸ್ಟೇಷನ್ 4 ಮತ್ತು 5, ಸ್ವಿಚ್‌ನ ಎರಡೂ ಪೀಳಿಗೆ, ಎಕ್ಸ್‌ಬಾಕ್ಸ್ ಸೀರೀಸ್, ಪಿಸಿ ಎಲ್ಲಕ್ಕೂ ಇದೆ. ಹಳೆಯ ಗೇಮ್‌ನ ಸೋರ್ಸ್ ಕೋಡ್ ಉಳಿದಿರಲಿಲ್ಲವಾದ್ದರಿಂದ ತಂಡ ಅದನ್ನು ಕಲ್ಲು ಕಲ್ಲು ಜೋಡಿಸುವಂತೆ ಮತ್ತೆ ಕಟ್ಟಬೇಕಾಯಿತು. ಆ ಶ್ರಮಕ್ಕೆ ಬೆಲೆ ಇದೆ.

ಒಳಗೆ ಎರಡು ಆವೃತ್ತಿಗಳಿವೆ. ಕ್ಲಾಸಿಕ್ ಎಂದರೆ 1997ರ ಚಿತ್ರ, 1997ರ ಆಟ, ಪಿಎಸ್‌ಪಿಯ ಇಂಗ್ಲಿಷ್ ಅನುವಾದ. ಎನ್‌ಹಾನ್ಸ್ಡ್‌ನಲ್ಲಿ ಪೂರ್ತಿ ಧ್ವನಿ, ತಿದ್ದಿದ ಸಂಭಾಷಣೆ, ತಾನಾಗೇ ಸೇವ್ ಆಗುವ ವ್ಯವಸ್ಥೆ, ಮೇಲಿನಿಂದ ಇಡೀ ಕಣ ನೋಡುವ ನೋಟ, ಸ್ಕ್ವೈರ್, ನೈಟ್, ಟ್ಯಾಕ್ಟಿಶಿಯನ್ ಎಂಬ ಮೂರು ಮಟ್ಟದ ಕಷ್ಟ. ಮೊದಲ ಸಲ ಆಡುವವರು ಯೋಚನೆಯನ್ನೇ ಮಾಡದೆ ಎನ್‌ಹಾನ್ಸ್ಡ್, ನೈಟ್ ಮಟ್ಟ ಆರಿಸಿಕೊಳ್ಳಿ. ಒಂದು ಕೊರತೆಯನ್ನು ಮೊದಲೇ ಹೇಳಬೇಕು: ಪಿಎಸ್‌ಪಿಯಲ್ಲಿ ಸೇರಿಸಿದ್ದ ಡಾರ್ಕ್ ನೈಟ್, ಆನಿಯನ್ ನೈಟ್ ಜಾಬ್‌ಗಳೂ (ಪಾತ್ರಗಳು ತೊಡುವ ವೃತ್ತಿಗಳು) ಬಾಲ್ತಿಯರ್, ಲೂಸೋ ಪಾತ್ರಗಳೂ ಇದರಲ್ಲಿ ಇಲ್ಲ. ಅವುಗಳಿಗಾಗಿಯೇ ಕೊಳ್ಳುವವರಿದ್ದರೆ ಇದು ಆ ಗೇಮ್ ಅಲ್ಲ.

ಆಟದ ಜೀವಾಳ ಇರುವುದು ಯಾರ ಸರದಿ ಯಾವಾಗ ಬರುತ್ತದೆ ಎಂಬ ಲೆಕ್ಕದಲ್ಲಿ. ಪ್ರತಿ ಪಾತ್ರಕ್ಕೂ ಸಿಟಿ ಎಂಬ ಒಂದು ಎಣಿಕೆ ಇದೆ. ಗಡಿಯಾರ ಒಂದು ಸಲ ಟಿಕ್ ಎಂದಾಗ ಆ ಪಾತ್ರದ ಸ್ಪೀಡ್ ಎಷ್ಟೋ ಅಷ್ಟು ಸಿಟಿ ಸೇರುತ್ತದೆ. 100 ಮುಟ್ಟಿದಾಗ ಸರದಿ. ಶುರುವಿನಲ್ಲಿ ಸ್ಪೀಡ್ 6ರ ಆಸುಪಾಸು ಇರುತ್ತದೆ, ಅಂದರೆ 17 ಟಿಕ್‌ಗೆ ಒಂದು ಸರದಿ. ಸರದಿ ಮುಗಿದಾಗ ನಡೆದೂ ಹೊಡೆದೂ ಇದ್ದರೆ 100 ಕಳೆಯುತ್ತದೆ, ಎರಡರಲ್ಲಿ ಒಂದನ್ನೇ ಮಾಡಿದ್ದರೆ 80, ಏನೂ ಮಾಡದೆ ಕಾದರೆ 60. ಇದನ್ನು ಕೈಯಲ್ಲಿ ಹಿಡಿದು ನೋಡಿ: ಸ್ಪೀಡ್ 6ರವನು 102ಕ್ಕೆ ಬಂದು, ನಿಂತಲ್ಲೇ ಹೊಡೆದರೆ ಅವನ ಬಳಿ 22 ಉಳಿಯುತ್ತದೆ, ಮುಂದಿನ ಸರದಿಗೆ 13 ಟಿಕ್ ಸಾಕು. ಹೊಡೆದ ಮೇಲೆ ಸುಮ್ಮನೆ ಒಂದು ಹೆಜ್ಜೆ ಆಚೆ ಇಟ್ಟರೆ ಉಳಿಯುವುದು 2, ಬೇಕಾಗುವುದು 17 ಟಿಕ್. ಆ ಒಂದು ಹೆಜ್ಜೆಗೆ ನಾಲ್ಕು ಟಿಕ್ ದಂಡ. ಹೊಸಬರು ಸೋಲುವುದು ಬಹುಪಾಲು ಇಲ್ಲೇ: ಅವಕಾಶ ಇದೆಯಲ್ಲ ಎಂದು ಎಲ್ಲರನ್ನೂ ಪ್ರತಿ ಸಲವೂ ಓಡಿಸುತ್ತಾರೆ.

ಮಂತ್ರಕ್ಕೂ ಇದೇ ಗಡಿಯಾರ. ಮಂತ್ರ ಹಾಕಿದ ಕೂಡಲೇ ಬೀಳುವುದಿಲ್ಲ, ಅದಕ್ಕೂ ಒಂದು ಕಾಯುವ ಅವಧಿ ಇದೆ. ಚೌಕವನ್ನು ಗುರಿ ಮಾಡಿದರೆ ಅದು ಆ ಚೌಕದ ಮೇಲೇ ಬೀಳುತ್ತದೆ, ಅಷ್ಟರಲ್ಲಿ ಶತ್ರು ಕಾಲು ಕಿತ್ತಿದ್ದರೂ ಸರಿ. ವ್ಯಕ್ತಿಯನ್ನು ಗುರಿ ಮಾಡಿದರೆ ಬೆಂಕಿ ಅವನ ಬೆನ್ನು ಹತ್ತುತ್ತದೆ. ಆದರೆ ಅವನು ಬಂದು ಮದ್ದು ಕೊಡುವ ನಿಮ್ಮ ಚೆಮಿಸ್ಟ್ ಪಕ್ಕ ನಿಂತರೆ ಇಬ್ಬರೂ ಸುಡುತ್ತಾರೆ. ಎನ್‌ಹಾನ್ಸ್ಡ್‌ನಲ್ಲಿ ಸರದಿಯ ಸಾಲು ಪರದೆಯ ಮೇಲೇ ಕಾಣುವುದರಿಂದ, ಒಪ್ಪಿಗೆ ಒತ್ತುವ ಮುನ್ನ ಶತ್ರುವಿನ ಸರದಿ ನಡುವೆ ಬರುತ್ತದೆಯೇ ಎಂದು ನೋಡಿಕೊಳ್ಳಿ. ಬರುವುದಾದರೆ ದೊಡ್ಡ ಮಂತ್ರ ಬಿಟ್ಟು ಬೇಗ ಬೀಳುವ ಚಿಕ್ಕದನ್ನು ಹಾಕಿ.

ಫೇಯ್ತ್ ಎಂಬ ಅಂಕಿಯನ್ನು ಮೊದಲ ಅಧ್ಯಾಯದಲ್ಲೇ ಅರ್ಥ ಮಾಡಿಕೊಂಡರೆ ಅರ್ಧ ಆಟ ಸಲೀಸು. ಮಂತ್ರದ ಪೆಟ್ಟು ಹಾಕುವವರ ಫೇಯ್ತ್ ಮತ್ತು ತಗಲುವವರ ಫೇಯ್ತ್ ಎರಡರಿಂದಲೂ ಗುಣಿಸಲ್ಪಡುತ್ತದೆ. ಇಬ್ಬರದೂ 70 ಇದ್ದರೆ ಪೂರ್ಣ ಬಲದ ನೂರಕ್ಕೆ 49 ಪಾಲು ಮಾತ್ರ ತಾಗುತ್ತದೆ. ಒಬ್ಬರದು 40 ಆದರೆ 28ಕ್ಕೆ ಇಳಿಯುತ್ತದೆ. ಹಾಗೆಂದು ಎಲ್ಲರ ಫೇಯ್ತ್ ಇಳಿಸಿದರೆ ನಿಮ್ಮದೇ ವೈಟ್ ಮೇಜ್ ಮಾಡುವ ಶುಶ್ರೂಷೆಯೂ ಅಷ್ಟೇ ಸೊರಗುತ್ತದೆ. ಮುಂದಿನ ಸಾಲಿನ ನೈಟ್, ಮಾಂಕ್‌ಗಳಿಗೆ ಕಡಿಮೆ ಫೇಯ್ತ್ ಇರಲಿ, ಅವರ ಗಾಯಕ್ಕೆ ಪೋಷನ್ ಇರಲಿ. ಪೋಷನ್‌ಗೆ ಫೇಯ್ತ್ ಲೆಕ್ಕವಿಲ್ಲ. ಮೇಲಕ್ಕೂ ಮಿತಿ ಇದೆ: ಯುದ್ಧದಲ್ಲಿ ಏರಿಸಿದ ಫೇಯ್ತ್‌ನ ಕಾಲು ಭಾಗ ಶಾಶ್ವತವಾಗಿ ಉಳಿಯುತ್ತದೆ, ಅದು 95 ಮುಟ್ಟಿದರೆ ಆ ಪಾತ್ರ ನಿಮ್ಮ ತಂಡ ಬಿಟ್ಟು ಹೊರಟೇ ಹೋಗುತ್ತದೆ. ಹೊರಡುವ ಮೊದಲು ಎಚ್ಚರಿಕೆಯ ಮಾತು ಆಡುತ್ತದೆ, ಅದನ್ನು ಬಟನ್ ಒತ್ತಿ ದಾಟಿಸಬೇಡಿ.

ಮೊದಲ ಅಡ್ಡಿ ಡಾರ್ಟರ್ ಕೊಳೆಗೇರಿಯ ಕಾಳಗ. ಬಿಲ್ಲುಗಾರ ಸೂರಿನ ಮೇಲೆ ಕೂತಿರುತ್ತಾನೆ. ಎತ್ತರದಿಂದ ಬಾಣ ಮುಟ್ಟುವ ದೂರ ಹೆಚ್ಚುತ್ತದೆ, ಕೆಳಗಿನ ಬೀದಿಯಲ್ಲಿ ಹರಡಿ ನಿಂತವರನ್ನು ಅವನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾನೆ. ಆದರೆ ಲಾಂಗ್‌ಬೋ ಮೂರು ಚೌಕಕ್ಕಿಂತ ಹತ್ತಿರ ಹೊಡೆಯಲಾರದು. ಹಾಗಾಗಿ ಇಬ್ಬರನ್ನು ನೇರ ಅವನ ಮೈಮೇಲೆ ಹತ್ತಿಸಿ, ಬೆನ್ನ ಕಡೆಯಿಂದ ಹೊಡೆಯಿರಿ. ಬೆನ್ನ ಹಿಂದಿನ ಪೆಟ್ಟಿಗೆ ಗುರಾಣಿ ಅಡ್ಡ ಬರುವುದಿಲ್ಲ. ಈ ಕಾಳಗಕ್ಕೆ ಬರುವ ಮುನ್ನ ತಂಡದಲ್ಲಿ ಕನಿಷ್ಠ ಇಬ್ಬರಿಗೆ ಫೀನಿಕ್ಸ್ ಡೌನ್ ಬಳಸುವುದು ಕಲಿತಿರಬೇಕು. ಬಿದ್ದವನ ತಲೆಯ ಮೇಲೆ ಎಣಿಕೆ ಮೂರರಿಂದ ಇಳಿಯುತ್ತದೆ. ಅದು ಮುಗಿದರೆ ಅವನು ಹರಳೋ ಪೆಟ್ಟಿಗೆಯೋ ಆಗಿಬಿಡುತ್ತಾನೆ, ಮತ್ತೆ ಸಿಗುವುದಿಲ್ಲ. ಚೆಮಿಸ್ಟ್ ವಸ್ತುಗಳನ್ನು ದೂರಕ್ಕೆ ಎಸೆಯಬಲ್ಲ. ಎಸೆಯುವ ಸಾಮರ್ಥ್ಯ ಕಲಿತು ಹಾಕಿಕೊಳ್ಳದ ಉಳಿದ ಜಾಬ್‌ನವರು ಪಕ್ಕದ ಚೌಕಕ್ಕೆ ಬಂದೇ ಕೊಡಬೇಕು. ಇದು ಗೊತ್ತಿಲ್ಲದೆ ಎರಡು ಚೌಕದಾಚೆ ನಿಂತು ಗೆಳೆಯನನ್ನು ಕಳೆದುಕೊಂಡವರೇ ಹೆಚ್ಚು.

ಅನುಭವದ ಅಂಕ ಬರುವುದು ಗೆದ್ದದ್ದಕ್ಕಲ್ಲ, ಮಾಡಿದ ಕೆಲಸಕ್ಕೆ. ಸುಮ್ಮನೆ ನಿಂತವನಿಗೆ ಏನೂ ಇಲ್ಲ. ಸಾಮರ್ಥ್ಯ ಕಲಿಯಲು ಖರ್ಚಾಗುವ ಜಾಬ್ ಅಂಕ, ಅಂದರೆ ಜೆಪಿ, ಮಾತ್ರ ಸ್ವಲ್ಪ ಉದಾರಿ: ಒಬ್ಬ ಗಳಿಸಿದ್ದರ ಕಾಲು ಭಾಗ, ಅವನ ಜಾಬ್‌ನ ಲೆಕ್ಕಕ್ಕೆ, ಕಣದಲ್ಲಿರುವ ಜೊತೆಗಾರರಿಗೂ ಹೋಗುತ್ತದೆ. ಎಲ್ಲರಿಗೂ ಸ್ಕ್ವೈರ್ ಜಾಬ್‌ನಲ್ಲಿ ಮೊದಲು ಕಲಿಸಬೇಕಾದದ್ದು ಜೆಪಿ ಹೆಚ್ಚಿಸುವ ಸಾಮರ್ಥ್ಯ, ಆಮೇಲೆ ಬೇರೆ ಜಾಬ್. ದಾರಿಯಲ್ಲಿ ಎದುರಾಗುವ ಕಾಳಗಗಳ ಶತ್ರುಗಳು ನಿಮ್ಮ ಮಟ್ಟಕ್ಕೆ ತಕ್ಕಂತೆ ಬೆಳೆಯುತ್ತಾರೆ. ಆದ್ದರಿಂದ ಲೆವೆಲ್ ಒಂದನ್ನೇ ಬೆಳೆಸಿ ಸಾಮರ್ಥ್ಯ, ಆಯುಧ ಹಿಂದೆ ಬಿದ್ದರೆ ದಾರಿಯ ದೆವ್ವಗಳೇ ಕಥೆಯ ಬಾಸ್‌ಗಿಂತ ಕಾಡುತ್ತವೆ.

ಮೂರನೇ ಅಧ್ಯಾಯದ ರಯೋವೇನ್ಸ್ ಕೋಟೆಗೆ ಕಾಲಿಡುವ ಮುನ್ನ ಬೇರೆಯದೇ ಸೇವ್ ಸ್ಲಾಟ್‌ನಲ್ಲಿ ಒಂದು ಸೇವ್ ಇಟ್ಟುಕೊಳ್ಳಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಇಲ್ಲಿ ಕಾಳಗದ ಮೇಲೆ ಕಾಳಗ. ಎರಡನೆಯದರಲ್ಲಿ ಕಥಾನಾಯಕ ರಾಮ್ಜಾ ಒಬ್ಬನೇ ವೀಗ್ರಾಫ್ ಎಂಬ ಶತ್ರುವಿನ ಎದುರು ನಿಲ್ಲಬೇಕು, ವೀಗ್ರಾಫ್ ಬಿದ್ದ ಮೇಲೆ ಬೆಲಿಯಾಸ್ ಎಂಬ ದೈತ್ಯ ಎದ್ದು ಬರುತ್ತಾನೆ. 1997ರಿಂದಲೂ ನಡುವೆ ಸೇವ್ ಮಾಡಿ, ಹಿಂದಕ್ಕೆ ಹೋಗಲಾಗದೆ, ಮುಂದೆ ಗೆಲ್ಲಲಾಗದೆ ಇಡೀ ಆಟವನ್ನು ಮೊದಲಿಂದ ಶುರು ಮಾಡಿದವರಿದ್ದಾರೆ. ಗೆಲ್ಲುವ ದಾರಿ ಇದೆ. ರಾಮ್ಜಾನ ಸ್ವಂತ ಸ್ಕ್ವೈರ್ ಜಾಬ್‌ನಲ್ಲಿ ಸ್ಪೀಡ್ ಹೆಚ್ಚಿಸುವ ಟೇಲ್‌ವಿಂಡ್ ಇದೆ, ಅದನ್ನು ತನ್ನ ಮೇಲೇ ಹಾಕಿಕೊಳ್ಳುತ್ತಾ ದೂರ ಸರಿಯುತ್ತಾ ಹೋದರೆ, ಸ್ವಲ್ಪ ಹೊತ್ತಿಗೆ ವೀಗ್ರಾಫ್‌ನ ಒಂದು ಸರದಿಗೆ ರಾಮ್ಜಾನದು ಎರಡು ಬರುತ್ತದೆ. ಜೊತೆಗೆ ಚೆಮಿಸ್ಟ್ ಜಾಬ್‌ನಲ್ಲಿ ಕಲಿತ, ಪೆಟ್ಟು ಬಿದ್ದಾಗ ತಾನಾಗೇ ಪೋಷನ್ ಬಳಸುವ ಆಟೋ ಪೋಷನ್ ಹಾಕಿಸಿ. ಕ್ಲಾಸಿಕ್ ಆಡುವವರಿಗೆ ಒಂದು ಸೂಕ್ಷ್ಮ: ಅದು ಚೀಲದಲ್ಲಿರುವ ಅತಿ ದುರ್ಬಲ ಪೋಷನ್ ಅನ್ನೇ ಮೊದಲು ತೆಗೆಯುತ್ತದೆ. ಆದ್ದರಿಂದ ಸಾದಾ ಪೋಷನ್‌ಗಳನ್ನೆಲ್ಲ ಮಾರಿ, ಹೈ ಪೋಷನ್ ಅಥವಾ ಎಕ್ಸ್ ಪೋಷನ್ ಮಾತ್ರ ಉಳಿಸಿಕೊಳ್ಳಿ.

ನಾಲ್ಕನೇ ಅಧ್ಯಾಯದಲ್ಲಿ ಥಂಡರ್ ಗಾಡ್ ಎಂದು ಹೆಸರಾದ ಓರ್ಲಾಂಡೋ ಸೇರಿದ ಮೇಲೆ ಕಾಳಗಗಳ ಬಿಗಿ ಸಡಿಲವಾಗುತ್ತದೆ. ಅಷ್ಟು ಹೊತ್ತು ಬೆವರಿಳಿಸಿ ತಂಡ ಕಟ್ಟಿದವರು ಅವನನ್ನು ಬೆಂಚ್ ಮೇಲೆ ಕೂರಿಸುವುದೇ ಒಳ್ಳೆಯದು. ಕಥೆ ಮಾತ್ರ ಕೊನೆಯವರೆಗೂ ಬಿಗಿ. ರಾಮ್ಜಾ ಮತ್ತು ಡೆಲಿಟಾ ಎಂಬ ಇಬ್ಬರು ಗೆಳೆಯರು, ಒಬ್ಬ ದೊಡ್ಡ ಮನೆತನದವನು, ಇನ್ನೊಬ್ಬ ಅದೇ ಮನೆಯ ಆಸರೆಯಲ್ಲಿ ಬೆಳೆದವನು; ಇಬ್ಬರ ದಾರಿ ಯಾಕೆ ಬೇರೆಯಾಯಿತು ಎಂಬುದು ಹುಟ್ಟಿನ ಲೆಕ್ಕವೇ ಹೊರತು ಮಂತ್ರದ್ದಲ್ಲ. ಮುಖ್ಯ ಸರಣಿಯ ಎಷ್ಟೋ ಕಥೆಗಳಿಗಿಂತ ಇದು ಪ್ರಬುದ್ಧ. ಸಂಖ್ಯೆ ಇರುವ ಒಂದನ್ನೂ ಆಡದವರೂ ಇದನ್ನು ಆಡಬಹುದು.

ಕ್ರೈಸಿಸ್ ಕೋರ್‌ಗೆ ಆ ಮಾತು ಅನ್ವಯಿಸದು. 2007ರ ಪಿಎಸ್‌ಪಿ ಗೇಮ್, 2022ರ ಡಿಸೆಂಬರ್‌ನಲ್ಲಿ ರೀಯೂನಿಯನ್ ಎಂದು ಹೊಸ ಚಿತ್ರಗಳೊಂದಿಗೆ ಬಂತು. ಏಳನೇ ಫೈನಲ್ ಫ್ಯಾಂಟಸಿಗೂ ಮೊದಲಿನ ಝಾಕ್ ಎಂಬ ಸೈನಿಕನ ಕಥೆ. ಏಳನೆಯದನ್ನು ಮೊದಲು ಮುಗಿಸಿ ಬನ್ನಿ; ಕೊನೆಯ ದೃಶ್ಯದ ಭಾರ ಆಗಷ್ಟೇ ಎದೆಗೆ ತಟ್ಟುತ್ತದೆ. ಹೊಡೆದಾಟ ಚುರುಕು. ಪರದೆಯ ಮೂಲೆಯಲ್ಲಿ ತಾನಾಗೇ ತಿರುಗುವ ಡಿಎಂಡಬ್ಲ್ಯು ಚಕ್ರ ಯಾವಾಗ ಏನು ವರ ಕೊಡುತ್ತದೋ ನಿಮ್ಮ ಕೈಲಿಲ್ಲ, ಅದನ್ನು ನಂಬಿ ಯೋಜನೆ ಹಾಕಬೇಡಿ. ಬೇಸರ ಹುಟ್ಟಿಸುವುದು 300 ಮಿಷನ್‌ಗಳು. ಒಂದೊಂದೂ ಕೆಲವೇ ನಿಮಿಷ, ಆದರೆ ಅದೇ ಗುಹೆ, ಅದೇ ಕೋಣೆ. ಸೇವ್ ಪಾಯಿಂಟ್ ಸಿಕ್ಕಾಗೆಲ್ಲ ಮೂರೋ ನಾಲ್ಕೋ ಮುಗಿಸಿ ಕಥೆಗೆ ಮರಳಿ. ಒಟ್ಟಿಗೆ ಕೂತರೆ ಗೇಮ್ ಮೇಲೆಯೇ ಜುಗುಪ್ಸೆ ಬರುತ್ತದೆ.

ಸ್ಟ್ರೇಂಜರ್ ಆಫ್ ಪ್ಯಾರಡೈಸ್ (2022, ತಯಾರಿಸಿದ್ದು ಟೀಮ್ ನಿಂಜಾ) ಮೊಟ್ಟಮೊದಲ ಗೇಮ್‌ನ ಕಥೆಯನ್ನು ಬೇರೆ ಬಾಗಿಲಿನಿಂದ ಹೇಳುತ್ತದೆ. ಇಲ್ಲಿ ಕೈ ಕಲಿಯಬೇಕಾದದ್ದು ಸೋಲ್ ಶೀಲ್ಡ್. ಅದು ಶತ್ರುವಿನ ಪೆಟ್ಟನ್ನು ನುಂಗುತ್ತದೆ, ಆದರೆ ನಿಮ್ಮ ಬ್ರೇಕ್ ಗೇಜ್ ತಿನ್ನುತ್ತದೆ. ಗೇಜ್ ಬರಿದಾದರೆ ನಿಂತಲ್ಲೇ ತತ್ತರಿಸಿ ಪೆಟ್ಟು ತಿನ್ನುತ್ತೀರಿ. ಹಾಗಾಗಿ ಬಟನ್ ಹಿಡಿದುಕೊಂಡೇ ಇರಬೇಡಿ, ಪೆಟ್ಟು ಬೀಳುವ ಗಳಿಗೆಗೆ ಒತ್ತಿ ಬಿಡಿ. ಆಯುಧ, ಕವಚಗಳು ರಾಶಿ ರಾಶಿ ಬೀಳುತ್ತವೆ. ಕಥೆ ಮುಗಿಯುವವರೆಗೆ ಅದರಲ್ಲಿ ತಲೆ ಕೆಡಿಸಿಕೊಳ್ಳದೆ ಒಳ್ಳೆಯದನ್ನು ತಾನಾಗೇ ತೊಡಿಸುವ ಆಯ್ಕೆ ಬಳಸಿ.

ಕ್ರಿಸ್ಟಲ್ ಕ್ರಾನಿಕಲ್ಸ್‌ನ 2020ರ ರೀಮಾಸ್ಟರ್ ಬಗ್ಗೆ ಬೇಸರದಿಂದಲೇ ಬರೆಯಬೇಕಾಗಿದೆ. 2003ರ ಗೇಮ್‌ಕ್ಯೂಬ್ ಮೂಲದಲ್ಲಿ ಒಬ್ಬೊಬ್ಬರಿಗೂ ಒಂದು ಗೇಮ್ ಬಾಯ್ ಅಡ್ವಾನ್ಸ್, ಒಂದು ಕೇಬಲ್ ಬೇಕಿತ್ತು. ದುಬಾರಿ ವ್ಯವಹಾರ, ಆದರೆ ನಾಲ್ವರು ಒಂದೇ ಪರದೆಯ ಮುಂದೆ ಕೂಗಾಡುತ್ತಾ ಆಡುತ್ತಿದ್ದರು. ರೀಮಾಸ್ಟರ್‌ನಲ್ಲಿ ಆ ಒಂದೇ ಕೋಣೆಯ ಆಟವೇ ಇಲ್ಲ, ಜೊತೆಗಾರರೆಲ್ಲ ಆನ್‌ಲೈನ್‌ನಲ್ಲೇ ಸಿಗಬೇಕು. ಅಲ್ಲೂ ತೊಡಕು: ಗುಹೆ ಗೆದ್ದಾಗ ಸಿಗುವ, ಕಥೆ ಮುಂದೆ ಸಾಗಲು ಬೇಕಾದ ಮರ್ ಹನಿ ಆಟ ಕರೆದವರಿಗೆ ಮಾತ್ರ. ನಾಲ್ವರೂ ಕಥೆಯಲ್ಲಿ ಮುಂದೆ ಹೋಗಬೇಕಾದರೆ ಅದೇ ಗುಹೆಯನ್ನು ನಾಲ್ಕು ಸಲ ಗೆಲ್ಲಬೇಕು. ಸಂಗೀತ ಇಂದಿಗೂ ಮನಸ್ಸು ಮುಟ್ಟುತ್ತದೆ, ಆದರೂ ಗೆಳೆಯರ ಜೊತೆ ಆಡಲೆಂದು ಇದನ್ನು ಕೊಳ್ಳಬೇಡಿ.

ಒಂದೇ ಸೋಫಾದಲ್ಲಿ ಇಬ್ಬರು ಆಡುವುದಾದರೆ ತಾಳ ಹಾಕುವ ಗೇಮ್ ಥಿಯೇಟ್ರಿದಮ್ ಫೈನಲ್ ಬಾರ್ ಲೈನ್ ಇದೆ; 2023ರ ಫೆಬ್ರವರಿಯದು, ಸ್ವಿಚ್ ಮತ್ತು ಪ್ಲೇಸ್ಟೇಷನ್ 4ಕ್ಕೆ. ಮೂಲ ಗೇಮ್‌ನಲ್ಲೇ 385 ರಾಗಗಳು. ಕೆಂಪು ಗುರುತಿಗೆ ತಟ್ಟು, ಹಸಿರಿಗೆ ಹಿಡಿ, ಹಳದಿಗೆ ಕಡ್ಡಿಯನ್ನು ತೋರಿಸಿದ ದಿಕ್ಕಿಗೆ ತಳ್ಳು, ಇಷ್ಟೇ ನಿಯಮ. ಯಾವ ಬಟನ್ ಒತ್ತಿದರೂ ನಡೆಯುತ್ತದೆ, ಆದ್ದರಿಂದ ವೇಗದ ತಾಳ ಬಂದಾಗ ಒಂದೇ ಹೆಬ್ಬೆರಳನ್ನು ದಣಿಸದೆ ಎಡಗೈ, ಬಲಗೈ ಬದಲಿಸಿ ತಟ್ಟಿ. ಎರಡು ಗುರುತು ಒಟ್ಟಿಗೆ ಬಂದರೆ ಎರಡೂ ಕೈ. ಮಕ್ಕಳಿಗೆ, ಹೊಸಬರಿಗೆ ಒಂದೇ ಬಟನ್‌ನಲ್ಲಿ ಮುಗಿಯುವ ಸಿಂಪಲ್ ಸ್ಟೈಲ್. ಇಬ್ಬರು ಹಂಚಿಕೊಂಡು ಆಡಲು ಪೇರ್ ಸ್ಟೈಲ್.

ಇದರಲ್ಲಿ ಸೋಲುವವರಲ್ಲಿ ಹೆಚ್ಚಿನವರ ತಪ್ಪು ಕೈಯದ್ದಲ್ಲ, ಟಿವಿಯದು. ಚಿತ್ರಕ್ಕೆ ಮೆರುಗು ಕೊಡುವ ಸಂಸ್ಕರಣೆಯಿಂದ ಚಿತ್ರ ತುಸು ತಡವಾಗಿ ಬರುತ್ತದೆ, ತಾಳ ಸರಿಯಾಗಿ ಹಾಕಿದರೂ ಗುಡ್, ಬ್ಯಾಡ್ ಎಂದೇ ತೋರಿಸುತ್ತದೆ. ಮೊದಲು ಟಿವಿಯ ಗೇಮ್ ಮೋಡ್ ಹಾಕಿ, ಬ್ಲೂಟೂತ್ ಸ್ಪೀಕರ್ ಇದ್ದರೆ ತೆಗೆದು ತಂತಿಯದಕ್ಕೆ ಬನ್ನಿ. ಆಮೇಲೆ ಗೇಮ್‌ನ ಸೆಟ್ಟಿಂಗ್‌ನಲ್ಲಿ ಸಮಯ ಹೊಂದಿಸುವ ಜಾಗಕ್ಕೆ ಹೋಗಿ, ಚೆನ್ನಾಗಿ ಬಾಯಿಗೆ ಬರುವ ಒಂದು ರಾಗವನ್ನು ಬೇಸಿಕ್ ಮಟ್ಟದಲ್ಲಿ ಆಡುತ್ತಾ ಒಂದೊಂದೇ ಹೆಜ್ಜೆ ಬದಲಿಸಿ. ಅತ್ಯುತ್ತಮ ತಾಳಕ್ಕೆ ಬರುವ ಕಾಮನಬಿಲ್ಲಿನ ಬಣ್ಣದ ಕ್ರಿಟಿಕಲ್ ಸಾಲಾಗಿ ಬರತೊಡಗಿದಾಗ ಅಲ್ಲಿಗೇ ನಿಲ್ಲಿಸಿ, ಎಕ್ಸ್‌ಪರ್ಟ್‌ಗೆ ಏರಿ.