ಬಾಟಲಿಯೋ, ಕವರೋ: ಮರುಬಳಕೆ ಘಟಕಕ್ಕೆ ಯಾವ ಪ್ಲಾಸ್ಟಿಕ್?

ಪೆಟ್ (ನೀರು, ತಂಪುಪಾನೀಯದ ಬಾಟಲಿಯ ಪ್ಲಾಸ್ಟಿಕ್) ಬಾಟಲಿಯ ಚೂರಿಗೆ ಗಿರಾಕಿ ಸುಲಭ, ಖಾಲಿ ಬಾಟಲಿ ಕೊಳ್ಳುವುದಕ್ಕೇ ಪೈಪೋಟಿ. ಎಲ್‌ಡಿಪಿಇ ಎಂಬ ಮೆದು ಪ್ಲಾಸ್ಟಿಕ್ಕಿನ ಕವರು, ಹಾಲಿನ ಪ್ಯಾಕೆಟ್‌ಗಳದ್ದು ತದ್ವಿರುದ್ಧ.

ಪೆಟ್ ಚೂರನ್ನು ಕಾಸ್ಟಿಕ್ ಸೋಡಾ ಬೆರೆಸಿದ 80–90 ಡಿಗ್ರಿ ನೀರಿನಲ್ಲಿ ತೊಳೆದರೆ ಲೇಬಲ್ಲಿನ ಅಂಟು ಬಿಡುತ್ತದೆ. ಆಮೇಲೆ ನೀರಿನ ತೊಟ್ಟಿಗೆ ಹಾಕಿದರೆ ಮುಚ್ಚಳದ ಚೂರು ತೇಲುತ್ತದೆ, ಪೆಟ್ ಮುಳುಗುತ್ತದೆ. ಕಾಟ ಕೊಡುವುದು ಪಿವಿಸಿ (ಪೈಪಿನಂಥವುಗಳ ಪ್ಲಾಸ್ಟಿಕ್). ಅದೂ ಮುಳುಗುವುದರಿಂದ ತೊಟ್ಟಿಯಲ್ಲಿ ಬೇರೆಯಾಗದು. ಪೆಟ್ ಕರಗುವ 260 ಡಿಗ್ರಿಯಲ್ಲಿ ಕರಕಲಾಗಿ, ಆಮ್ಲ ಬಿಟ್ಟು ಮಾಲನ್ನೆಲ್ಲ ಹಳದಿ ಮಾಡುತ್ತದೆ. ಹಾಗಾಗಿ ಬೆಲ್ಟಿನ ಮೇಲೆ ಆರಿಸುವವರ ಸಂಖ್ಯೆಯಲ್ಲಿ ಮಾತ್ರ ಜಿಪುಣತನ ಬೇಡ. ಕರಗಿಸುವ ಮುನ್ನ ತೇವಾಂಶ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಒಳಗೆ ಬರಬೇಕು, ಇಲ್ಲದಿದ್ದರೆ ಪಾಲಿಮರ್ ಸರಪಳಿ ತುಂಡಾಗಿ ಬಾಟಲಿಗೆ ಬೇಕಾದ ಗಟ್ಟಿತನ ಉಳಿಯದು.

ಕವರು ಸುಮಾರು 110 ಡಿಗ್ರಿಗೇ ಕರಗುತ್ತದೆ, ಯಂತ್ರವೂ ಸರಳ. ಆದರೆ ಹಗುರ: ಲಾರಿ ತುಂಬಿದರೂ ತೂಕ ಬಾರದು, ಒತ್ತಿ ಬೇಲ್ (ಬಿಗಿ ಗಂಟು) ಕಟ್ಟಿಯೇ ತರಿಸಿ. ಮಡಿಕೆಯಲ್ಲಿ ನೀರು ಉಳಿದರೆ ಕರಗಿಸಿ ಮಾಡುವ ಪ್ಲಾಸ್ಟಿಕ್ ಹರಳಿನಲ್ಲಿ ಗುಳ್ಳೆ. ಮಣ್ಣು ಉಳಿದರೆ ಕರಗಿದ ಮಾಲು ಸೋಸುವ ಜಾಲರಿ ಪದೇಪದೇ ಕಟ್ಟುತ್ತದೆ. ಚಿಪ್ಸ್ ಪ್ಯಾಕೆಟ್‌ನಂಥ ಬಹುಪದರದ ಮಾಲು ಬೆರೆಸಲೇಬೇಡಿ.

ಇಪಿಆರ್ (ಪ್ಲಾಸ್ಟಿಕ್ ಕಸಕ್ಕೆ ಉತ್ಪಾದಕರನ್ನೇ ಹೊಣೆ ಮಾಡುವ) ನಿಯಮದ 2022ರ ತಿದ್ದುಪಡಿ 2028-29ಕ್ಕೆ ಗಟ್ಟಿ ಪ್ಯಾಕೇಜಿಂಗ್‌ನಲ್ಲಿ ಶೇ. 60 ಮರುಬಳಕೆಯ ಅಂಶ ಕೇಳುತ್ತದೆ, ಮೆದು ಕವರಿನಲ್ಲಿ ಶೇ. 20 ಮಾತ್ರ. ಬಂಡವಾಳವಿದ್ದರೆ ಪೆಟ್, ಕೈ ಬಿಗಿಯಿದ್ದು, ಹತ್ತಿರದಲ್ಲೇ ಒಣಕಸ ಕೇಂದ್ರವಿದ್ದರೆ ಕವರು.