ಸರ್ಚ್ ಕನ್ಸೋಲ್ ಜೊತೆ ಮೂರು ವರ್ಷ: ಉಪ್ಪಿನಕಾಯಿ ಮಾರುವವನ ಅನುಭವ

ಗೂಗಲ್ ಹುಡುಕಾಟದಲ್ಲಿ ಮೇಲೆ ಬರಲಿ ಅಂತ ಒಂದು ಏಜೆನ್ಸಿಗೆ ತಿಂಗಳಿಗೆ ₹12,000ದಂತೆ ಆರು ತಿಂಗಳು ಕೊಟ್ಟು ನಮ್ಮ ವೆಬ್‌ಸೈಟಿಗೆ ಎಸ್‌ಇಒ ಮಾಡಿಸಿದ್ದೆವು. ಪ್ರತಿ ತಿಂಗಳು ಐದನೇ ತಾರೀಖಿಗೆ ಬಣ್ಣಬಣ್ಣದ ಪಿಡಿಎಫ್ ಬರುತ್ತಿತ್ತು. 'ಆಥೆಂಟಿಕ್ ಹೋಮ್‌ಮೇಡ್ ಅಪ್ಪೆಮಿಡಿ ಪಿಕಲ್ ಆನ್‌ಲೈನ್ ಸಾಗರ ಕರ್ನಾಟಕ' ಎಂದು ಹುಡುಕಿದರೆ ನಾವೇ ಮೊದಲು ಅಂತ ಅದರಲ್ಲಿ ಹಸಿರು ಬಾಣ. ನಾನು ಹುಡುಕಿ ನೋಡಿದೆ, ಅಣ್ಣನೂ ನೋಡಿದ. ಹೌದು, ನಾವೇ ಮೊದಲು. ಖುಷಿಯಾಯಿತು. ಆರ್ಡರ್ ಮಾತ್ರ ಒಂದೂ ಜಾಸ್ತಿಯಾಗಲಿಲ್ಲ.

ಜನ ಏನು ಹುಡುಕಿದಾಗ ನಮ್ಮ ಸೈಟು ಎಲ್ಲಿ ಕಾಣುತ್ತದೆ ಎಂದು ಗೂಗಲ್ಲೇ ಬಿಟ್ಟಿಯಾಗಿ ತೋರಿಸುವ ಸರ್ಚ್ ಕನ್ಸೋಲ್ ಕೈಗೆ ಬಂದ ಮೇಲೆ ಮೊದಲು ಹುಡುಕಿದ್ದೇ ಆ ಉದ್ದನೆಯ ಸಾಲನ್ನು. ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಬೆರಳೆಣಿಕೆಯ ಜನ ಮಾತ್ರ ಹುಡುಕಿದ ಮಾತುಗಳನ್ನು ಗೋಪ್ಯತೆಯ ಕಾರಣಕ್ಕೆ ಅಲ್ಲಿ ತೋರಿಸುವುದಿಲ್ಲವಂತೆ. ಅಂದರೆ ಲೋಕದಲ್ಲಿ ಹಾಗೆ ಟೈಪ್ ಮಾಡಿದವರು ಏಜೆನ್ಸಿಯ ಹುಡುಗ, ನಾನು, ಅಣ್ಣ, ಇಷ್ಟೇ ಇದ್ದೀತು. ಯಾರೂ ಓಡದ ಪಂದ್ಯದಲ್ಲಿ ಮೊದಲ ಬಹುಮಾನಕ್ಕೆ ₹72,000.

ಖಾತೆ ತೆರೆಯುವುದು ಹೇಗೆ ಎಂಬುದಕ್ಕೆ ಬೇಕಾದಷ್ಟು ವಿಡಿಯೊಗಳಿವೆ, ಅದನ್ನು ಬರೆಯುವುದಿಲ್ಲ. ಒಂದು ಮಾತು ಮಾತ್ರ. ನಮ್ಮ ಸೈಟಿನ ಕನ್ಸೋಲ್ ಆ ಏಜೆನ್ಸಿಯ ಖಾತೆಯಲ್ಲಿತ್ತು, ನನಗೆ ಕೊಟ್ಟಿದ್ದು ಇಣುಕುವಷ್ಟು ಹಕ್ಕು. ಪುಣ್ಯಕ್ಕೆ ಡೊಮೈನಿನ ಪಾಸ್‌ವರ್ಡ್ ಅಣ್ಣನ ಹತ್ತಿರವಿತ್ತು. ಗೂಗಲ್ ಕೊಟ್ಟ ಒಂದು ಸಾಲಿನ ಟಿಎಕ್ಸ್‌ಟಿ ರೆಕಾರ್ಡನ್ನು ಡೊಮೈನಿನ ಸೆಟ್ಟಿಂಗಿನಲ್ಲಿ (ಡಿಎನ್‌ಎಸ್) ಅಂಟಿಸಿದೆ, ಯಜಮಾನಿಕೆ ನಮ್ಮದಾಯಿತು. ನಿಮ್ಮದು ಯಾರ ಹೆಸರಲ್ಲಿದೆ, ಇವತ್ತೇ ನೋಡಿಕೊಳ್ಳಿ. ಜಮೀನಿನ ಪಹಣಿ ಪಕ್ಕದ ಮನೆಯವನ ಹೆಸರಲ್ಲಿ ಇಟ್ಟು ನಿದ್ದೆ ಮಾಡುತ್ತೀರಾ?

ಈಗ ಮೂರು ವರ್ಷದಿಂದ ದಿನಚರಿ ಹೀಗಿದೆ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಕಾಫಿ ಲೋಟ ಹಿಡಿದು ಜಗುಲಿಯ ಮೂಲೆಗೆ ಬರುತ್ತೇನೆ, ನಮ್ಮಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. 'ಪರ್ಫಾರ್ಮೆನ್ಸ್' ಒತ್ತಿ ಜನ ಏನೇನು ಹುಡುಕಿ ನಮ್ಮ ಬಾಗಿಲಿಗೆ ಬಂದರು ಎಂಬ ಪಟ್ಟಿ ತೆರೆಯುತ್ತೇನೆ. ಪೇಪರಿಗಿಂತ ಮೊದಲು ಓದುವುದು ಇದನ್ನೇ. ಅಪ್ಪೆಗೆ ಇಂಗ್ಲಿಷಿನಲ್ಲಿ ಒಂದು ಪಿ ಹಾಕುವವರಿದ್ದಾರೆ, ಎರಡು ಹಾಕುವವರಿದ್ದಾರೆ. ಉಪ್ಪಿನಕಾಯಿಯ ಕೊನೆಗೆ ಐ, ವೈ, ವೈಐ ಮೂರೂ ಬರುತ್ತವೆ. ಬೆಂಗಳೂರಿನವರು 'ಮಿಡಿ ಪಿಕಲ್' ಅನ್ನುತ್ತಾರೆ. ಕನ್ನಡ ಲಿಪಿಯಲ್ಲೇ ಟೈಪ್ ಮಾಡುವವರ ಸಾಲು ವರ್ಷ ವರ್ಷಕ್ಕೆ ಉದ್ದವಾಗುತ್ತಿದೆ. ಅನಂತಭಟ್ಟನ ಅಪ್ಪೆ ಎಂಬ ತಳಿಯೇ ಬೇಕು ಅಂತ ಹೆಸರು ಹಿಡಿದು ಬರುವ ಜಾಣರೂ ಇದ್ದಾರೆ. ಒಮ್ಮೆಯಂತೂ ಸಂಗೀತದ ಮಿಡಿ ಕೀಬೋರ್ಡ್ ಹುಡುಕಿದವರ ಮುಂದೆ ನಮ್ಮ ಭರಣಿ ಎಲ್ಲೋ ತೊಂಬತ್ತನೇ ಸ್ಥಾನದಲ್ಲಿ ಹೋಗಿ ನಿಂತಿತ್ತು.

ಈ ಪಟ್ಟಿಯಲ್ಲೇ ನನಗೆ ನಿಧಿ ಸಿಕ್ಕಿದ್ದು. ಎರಡನೇ ವರ್ಷದ ಮಳೆಗಾಲದಲ್ಲಿ 'ಉಪ್ಪಿನಕಾಯಿ ಮೇಲೆ ಬಿಳಿ ಪೊರೆ' ಎಂಬ ಸಾಲು ಮೇಲೇರುತ್ತಾ ಬಂತು. ನಮ್ಮ ಸೈಟಿನಲ್ಲಿ ಆ ವಿಷಯದ ಪುಟವೇ ಇರಲಿಲ್ಲ, ಆದರೂ ಗೂಗಲ್ ನಮ್ಮನ್ನು ನಾಲ್ಕನೇ ಪುಟದಲ್ಲೆಲ್ಲೋ ತೋರಿಸುತ್ತಿತ್ತು. ಅಮ್ಮನನ್ನು ಕೇಳಿದೆ. ಅವಳು ಅಡಿಕೆ ಸುಲಿಯುತ್ತಲೇ ಹೇಳುತ್ತಾ ಹೋದಳು, ನಾನು ಫೋನಿನಲ್ಲಿ ಬರೆದುಕೊಂಡೆ. ಉಪ್ಪು ಕಮ್ಮಿ ಬಿದ್ದರೆ ಪೊರೆ ಕಟ್ಟುತ್ತದೆ. ಮಿಡಿ ಉಪ್ಪುನೀರಿನಿಂದ ಮೇಲೆ ತೇಲಿದರೂ ಅಷ್ಟೇ. ಒದ್ದೆ ಚಮಚವಂತೂ ಮಹಾ ವೈರಿ. ತೆಳುವಾದ ಬಿಳಿ ಪೊರೆಯಾದರೆ ತೆಗೆದು ಉಪ್ಪು ಸರಿ ಮಾಡಬಹುದು. ಹಸಿರು, ಕಪ್ಪು ಬೂಷ್ಟು ಬಂದರೆ ಭರಣಿ ಸಮೇತ ಆಸೆ ಬಿಡಬೇಕು. ಮಿಡಿ ಉಪ್ಪಿನಲ್ಲಿ ಮುರುಟಿದರೆ ಹೆದರಬೇಡಿ, ಮುರುಟಲೇಬೇಕು. ತೊಟ್ಟು ಕಿತ್ತು ಸೊನೆ ಕಳೆದರೆ ಪರಿಮಳ ಹೋಯಿತು. ಇಷ್ಟನ್ನು ಅವಳ ಮಾತಿನಲ್ಲೇ ಹಾಕಿದೆ, ಪೊರೆ ಕಟ್ಟಿದ ಭರಣಿಯದೇ ಫೋಟೊ ಹಾಕಿದೆ. ಮೂರು ತಿಂಗಳಲ್ಲಿ ಅದು ಮೊದಲ ಪುಟಕ್ಕೆ ಬಂತು. ಇವತ್ತಿಗೂ ನಮ್ಮ ಸೈಟಿನಲ್ಲಿ ಅತಿ ಹೆಚ್ಚು ಜನ ಬರುವ ಪುಟ ಅದೇ. ಕೆಟ್ಟ ಉಪ್ಪಿನಕಾಯಿ ತೋರಿಸಿ ಒಳ್ಳೆ ಉಪ್ಪಿನಕಾಯಿ ಮಾರುವವರು ನಾವೇ ಇರಬೇಕು.

ಅದೇ ಏಜೆನ್ಸಿಯವರು ಬರೆಸಿದ್ದ ಲೇಖನಗಳಲ್ಲಿ ಒಂದರ ತಲೆಬರಹ: 'ಉಪ್ಪಿನಕಾಯಿಯಿಂದ ತೂಕ ಇಳಿಸುವ ಹತ್ತು ಲಾಭಗಳು'. ಅತ್ತಿಗೆ ಓದಿ, "ಎಂತ ಮಾರಾಯ ಇದು, ಡಾಕ್ಟರು ನೋಡಿದ್ರೆ ಬೈತಾರೆ" ಅಂದರು. ಓದುವವರಿಗೆ ಕಾಣದಂತೆ ಪುಟದ ಕೋಡಿನಲ್ಲಿ ಹುಡುಕುವ ಪದಗಳನ್ನು ಬರೆಯುವ ಕೀವರ್ಡ್ ಟ್ಯಾಗ್ ತುಂಬಿದ್ದಕ್ಕೂ ಬಿಲ್ ಹಾಕಿದ್ದರು. ಆ ಟ್ಯಾಗನ್ನು ರ‍್ಯಾಂಕಿಂಗಿಗೆ ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾರರು ಎಂದೂ ಅವರದೇ ಮಾರ್ಗದರ್ಶಿಯಲ್ಲಿದೆ. ಮೊದಲೇ ಓದಿದ್ದರೆ ಹೊಸ ಗ್ರೈಂಡರ್ ಬರುತ್ತಿತ್ತು.

ಆದರೂ ಪೂರ್ತಿ ಬೈಯಲಾರೆ. ನಾನು ಫೋನಿನಿಂದ ನೇರ ಏರಿಸಿದ್ದ ಫೋಟೊಗಳು ಒಂದೊಂದೂ ನಾಲ್ಕೈದು ಎಂಬಿ ಇದ್ದವು. ಅವನ್ನೆಲ್ಲ ಕುಗ್ಗಿಸಿದ್ದು, 'ಹೋಮ್' ಎಂದಷ್ಟೇ ಇದ್ದ ಪುಟದ ಶೀರ್ಷಿಕೆಯನ್ನು 'ಅಪ್ಪೆಮಿಡಿ ಉಪ್ಪಿನಕಾಯಿ' ಎಂದು ಎರಡೂ ಲಿಪಿಯಲ್ಲಿ ಬದಲಿಸಿದ್ದು ಆ ಏಜೆನ್ಸಿಯ ಹುಡುಗನೇ. ಪಾಪ, ಎರಡು ದಿನ ಕೂತು ಶ್ರದ್ಧೆಯಿಂದ ಮಾಡಿದ್ದ. ಆ ಎರಡು ದಿನದ ಕೆಲಸಕ್ಕೆ ₹12,000 ಧಾರಾಳವಾಗಿ ಕೊಡಬಹುದು. ಉಳಿದ ಐದು ತಿಂಗಳದ್ದು ಪಿಡಿಎಫ್‌ನ ಬೆಲೆ.

ನನ್ನ ಕೈಯಿಂದಲೂ ಎಡವಟ್ಟಾಗಿದೆ. ಮೊದಲ ವರ್ಷ ಆಗಸ್ಟಿನಲ್ಲಿ ಮಾಲು ಖಾಲಿಯಾಯಿತು ಅಂತ ಅಪ್ಪೆಮಿಡಿಯ ಪುಟವನ್ನೇ ಅಳಿಸಿಬಿಟ್ಟೆ. ಮಾರ್ಚಿನಲ್ಲಿ ಹೊಸ ಮಿಡಿ ಬಂದಾಗ ಬೇರೆ ವಿಳಾಸದಲ್ಲಿ ಹೊಸ ಪುಟ ಮಾಡಿದೆ. ಹಳೆಯದು ಗಳಿಸಿದ್ದ ಜಾಗವೆಲ್ಲ ಮಣ್ಣುಪಾಲು, ಕನ್ಸೋಲಿನಲ್ಲಿ ಅದರ ಮುಂದೆ 404, ಅಂದರೆ ಪುಟವೇ ಇಲ್ಲ. ಹೊಸದಕ್ಕೆ 'ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್' ಎಂಬ ಹಣೆಬರಹ. ನೋಡಿದೆ, ಆದರೆ ಸದ್ಯಕ್ಕೆ ಸೇರಿಸಿಕೊಂಡಿಲ್ಲ ಎಂದರ್ಥ. ಹೆಣ್ಣು ನೋಡಿ ಹೋದವರು ಆಮೇಲೆ ಹೇಳಿ ಕಳಿಸುತ್ತೇವೆ ಅಂದ ಹಾಗೆ. ಈಗ ಪುಟ ವರ್ಷವಿಡೀ ಇರುತ್ತದೆ, ಮಾಲು ಮುಗಿದಾಗ 'ಈ ವರ್ಷದ್ದು ಮುಗಿಯಿತು, ಮಾರ್ಚಿಗೆ ಬನ್ನಿ' ಎಂಬ ಒಂದು ಸಾಲು ಸೇರಿಸುತ್ತೇನೆ.

ಕೊರತೆಗಳನ್ನೂ ಹೇಳಬೇಕು. 'ಆವರೇಜ್ ಪೊಸಿಷನ್' ಎಂಬ ಅಂಕಿ ಮೋಸ. ಪೊರೆಯ ಪುಟ ಬಂದ ಹೊಸತರಲ್ಲಿ ನಮ್ಮ ಸರಾಸರಿ ದಡಕ್ಕನೆ ಕೆಳಗಿಳಿದು ಒಂದು ರಾತ್ರಿ ನಿದ್ದೆ ಬರಲಿಲ್ಲ. ಹೊಸಹೊಸ ಹುಡುಕಾಟಗಳಲ್ಲಿ ನಲವತ್ತು, ಐವತ್ತನೇ ಸ್ಥಾನದಲ್ಲಿ ಕಾಣಿಸಿಕೊಳ್ಳಲು ಶುರುವಾದದ್ದೇ ಅದಕ್ಕೆ ಕಾರಣ, ಹಳೆಯ ಜಾಗವೆಲ್ಲ ಇದ್ದಲ್ಲೇ ಇತ್ತು. ಎಲ್ಲಕ್ಕಿಂತ ದೊಡ್ಡ ಕೊರತೆ, ಹದಿನಾರು ತಿಂಗಳಿಗಿಂತ ಹಿಂದಿನ ಲೆಕ್ಕ ಉಳಿಯುವುದಿಲ್ಲ. ವರ್ಷಕ್ಕೊಂದೇ ಹಂಗಾಮು ಇರುವ ನಮ್ಮಂಥವರಿಗೆ ಇದು ಸಾಲದು. ಹಾಗಾಗಿ ತಿಂಗಳ ಕೊನೆಗೆ ಅಡಿಕೆ ಲೆಕ್ಕದ ಪುಸ್ತಕವನ್ನು ತಿರುಗಿಸಿ ಹಿಂಬದಿಯಿಂದ ಬರೆದಿಡುತ್ತೇನೆ: ಎಷ್ಟು ಜನ ಕಂಡರು, ಎಷ್ಟು ಜನ ಒತ್ತಿದರು, ಎಷ್ಟು ಕೊರಿಯರ್ ಹೋಯಿತು.

ಈಚೆಗೆ ಮೊದಲ ಅಂಕಣ ಏರುತ್ತಿದೆ, ಎರಡನೆಯದು ಅದರ ಜೊತೆ ಏರುತ್ತಿಲ್ಲ. 2024ರ ಆಗಸ್ಟಿನಿಂದ ನಮ್ಮ ದೇಶದಲ್ಲೂ ಎಐ ಬರೆದ ಉತ್ತರ ಹುಡುಕಾಟದ ತುದಿಯಲ್ಲೇ ಬರುತ್ತಿದೆ. ಪೊರೆ ತೆಗೆಯುವುದು ಹೇಗೆಂದು ಅಲ್ಲೇ ಗೊತ್ತಾದರೆ ಜನ ನಮ್ಮಲ್ಲಿಗೆ ಯಾಕೆ ಬರುತ್ತಾರೆ? ಸದ್ಯ, ಭರಣಿ ಬೇಕಾದವರು ಒತ್ತಲೇಬೇಕು.

ಊರಿನಲ್ಲಿ ಅಂಗಡಿ ಇಟ್ಟು ಊರವರಿಗೇ ಮಾರುವವರಿಗೆ ಇಷ್ಟು ತಲೆಬಿಸಿ ಬೇಡ, ಮ್ಯಾಪಿನಲ್ಲಿ ಬರುವ ಬಿಸಿನೆಸ್ ಪ್ರೊಫೈಲ್ ಸರಿಯಾಗಿಟ್ಟರೆ ಸಾಕು. ಕೊರಿಯರ್ ವ್ಯಾಪಾರದವರ ಲೆಕ್ಕದಲ್ಲಿ ಮಾತ್ರ ಕನ್ಸೋಲಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಬಿಟ್ಟಿ ಸಿಗುವುದಾದರೂ ಒಂದು ಅಂಕ ಕಳೆದದ್ದು ಆ ಹದಿನಾರು ತಿಂಗಳಿಗಾಗಿ.

ಮೊನ್ನೆ ಜನವರಿ ಕೊನೆಗೆ ಪುಸ್ತಕದ ಹಿಂಬದಿ ತೆರೆದು ಅಮ್ಮನಿಗೆ ತೋರಿಸಿದೆ. ಹೋದ ವರ್ಷದ ಜನವರಿಗಿಂತ ಮಿಡಿ ಹುಡುಕಿದವರು ಒಂದೂವರೆ ಪಾಲು ಇದ್ದರು. ಈ ಸಲ ಹತ್ತು ಸಾವಿರ ಮಿಡಿಗೆ ಹೇಳಿಬಿಡೋಣ ಅಂದೆ. ಅವಳು ಕನ್ನಡಕ ಏರಿಸಿ ಅಂಕಿಗಳನ್ನೆಲ್ಲ ಸಮಾಧಾನವಾಗಿ ನೋಡಿದಳು. "ಹೊಳೆಬದಿ ಮರ ಈ ವರ್ಷ ಹೂವೇ ಬಿಟ್ಟಿಲ್ಲ. ಆರು ಸಾವಿರಕ್ಕೆ ಹೇಳು."